ಚೆಂಡಿನ ಗುಣವೋ, ನೆಲದ ಗುಣವೋ?

‘ಬೌಲಿಂಗ್’ ಎಂದೊಡನೆ ನಮ್ಮ ವಾಚಕರಲ್ಲಿ ಬಹುಮಂದಿಗೆ ಕ್ರಿಕೆಟ್ ನೆನಪಾಗುವುದು ಸಹಜ. ಪ್ರಸನ್ನ, ಚಂದ್ರಶೇಖರರಂಥ ಬೌಲರುಗಳನ್ನು ಕೊಟ್ಟ ನಾಡಿನವರಾದ ನಮಗೆ, ಚೆಂಡು ಎಷ್ಟು ತಿರುಗಿತೆಂದು ಹೇಳುವುದಕ್ಕೆ ಮೊದಲು ಪಿಚ್ಚು ಎಂಥದೆಂದು ಕೇಳುವುದು ಅಭ್ಯಾಸವಾಗಿಹೋಗಿದೆ. ಆದರೆ ಈ ಲೇಖನದಲ್ಲಿ ನಾವು ಹೇಳಹೊರಟಿರುವುದು ಬೇರೊಂದು ಬೌಲಿಂಗಿನ ವಿಚಾರ. ಹತ್ತು ಪಿನ್ನುಗಳನ್ನು ನಿಲ್ಲಿಸಿ, ಭಾರವಾದ ಚೆಂಡೊಂದನ್ನು ನೆಲದ ಮೇಲೆ ಬಿಟ್ಟು, ಅವನ್ನು ಕೆಡವುವ ಆಟ ಅದು. ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಬೆಳೆದು ಹರಡಿದ ಈ ಆಟ ಈಗ ಬೆಂಗಳೂರಿನಂಥ ನಮ್ಮ ನಗರಗಳಲ್ಲಿಯೂ ಕಾಣಸಿಗುತ್ತದೆ.

ಈ ಆಟದಲ್ಲಿ ಒಂದು ವಿಚಿತ್ರವುಂಟು. ಒಂದು ಅಂಗಳದಲ್ಲಿ ಸೊಗಸಾಗಿ ಬಾಗಿ ಹೋಗಿ ಹತ್ತೂ ಪಿನ್ನುಗಳನ್ನು ಕೆಡವಿದ ಚೆಂಡು, ಮರುದಿನ ಮತ್ತೊಂದು ಅಂಗಳದಲ್ಲಿ ಬಾಗುವುದನ್ನೇ ಮರೆತಂತೆ ನೆಟ್ಟಗೆ ಜಾರಿಹೋಗುತ್ತದೆ. ಕೈಯೂ ಅದೇ, ಚೆಂಡೂ ಅದೇ. ಆಟಗಾರನು ನೆಲವನ್ನು ದೂರಿದರೆ, ನೋಡುವವರು ‘ಕುಣಿಯಲಾರದವಳು ನೆಲ ಡೊಂಕು ಎಂದಳಂತೆ’ ಎಂದು ನಗಬಹುದು. ಆದರೆ ಈ ಆಟದ ಮಟ್ಟಿಗೆ ಆಟಗಾರನ ದೂರು ಅನೇಕ ವೇಳೆ ನ್ಯಾಯವಾದದ್ದೇ. ನೆಲವು ಡೊಂಕಲ್ಲದಿದ್ದರೂ ಅದರ ಮೇಲೆ ಕಣ್ಣಿಗೆ ಕಾಣದಂಥ ಒಂದು ಎಣ್ಣೆಯ ಪದರವಿರುತ್ತದೆ. ಚೆಂಡಿನ ನಡೆಯನ್ನು ಆಳುವುದು ಬಹುಮಟ್ಟಿಗೆ ಆ ಪದರವೇ. ಹೀಗಿರುವಲ್ಲಿ ಒಂದು ಚೆಂಡು ಒಳ್ಳೆಯದೋ ಅಲ್ಲವೋ ಎಂಬುದನ್ನು ತೀರ್ಮಾನಿಸುವ ಬಗೆ ಹೇಗೆ? ಈ ಪ್ರಶ್ನೆಯನ್ನು ಸ್ವಲ್ಪ ವಿಚಾರಿಸಿ ನೋಡೋಣ.

ನೆಲದ ರಚನೆ

ಚೆಂಡು ಓಡುವ ನೆಲಕ್ಕೆ ಆಟಗಾರರು ‘ಲೇನ್’ ಎನ್ನುತ್ತಾರೆ. ನಾವು ಅದನ್ನು ‘ಪಥ’ವೆಂದು ಕರೆಯೋಣ. ಆಟಗಾರನು ದಾಟಬಾರದ ಗೆರೆಯಿಂದ ಮೊದಲನೆಯ ಪಿನ್ನಿಗೆ ೬೦ ಅಡಿ ದೂರ, ಎಂದರೆ ೧೮.೩ ಮೀಟರು. ಅಗಲ ಸುಮಾರು ೪೧½ ಅಂಗುಲ. ಈ ಅಗಲವನ್ನು ೩೯ ನೀಳವಾದ ಪಟ್ಟಿಗಳಾಗಿ ಎಣಿಸುವುದು ವಾಡಿಕೆ. ಪಟ್ಟಿಯೊಂದರ ಅಗಲ ಅಂಗುಲಕ್ಕಿಂತ ತುಸು ಹೆಚ್ಚು. ಚೆಂಡಿನ ತೂಕ ೧೬ ಪೌಂಡನ್ನು ಮೀರಬಾರದು. ವ್ಯಾಸ ಸುಮಾರು ೮½ ಅಂಗುಲ.

ಹಿಂದೆ ಪಥವನ್ನು ಮರದಿಂದಲೇ ಮಾಡುತ್ತಿದ್ದರು. ಚೆಂಡು ಬಂದು ಬೀಳುವ ಮೊದಲ ಭಾಗಕ್ಕೂ ಪಿನ್ನುಗಳು ನಿಲ್ಲುವ ಕಡೆಯ ಭಾಗಕ್ಕೂ ಗಟ್ಟಿಯಾದ ಮೇಪಲ್ ಮರ, ನಡುವಣ ಭಾಗಕ್ಕೆ ಮೆದುವಾದ ಪೈನ್ ಮರ. ಮರದ ಮೇಲೆ ಅರಗಿನ ಮೆರುಗೆಣ್ಣೆ. ಭಾರವಾದ ಚೆಂಡು ಜಾರುತ್ತ ಹೋದಂತೆ ಈ ಮೆರುಗು ಸವೆದು ಹಾಳಾಗುತ್ತಿದ್ದುದರಿಂದ, ಅದನ್ನು ಕಾಪಾಡಲೆಂದು ಎಣ್ಣೆ ಹಚ್ಚುವ ಪದ್ಧತಿ ಬಂದಿತು. ಗಾಡಿಯ ಅಚ್ಚಿಗೆ ಕೀಲೆಣ್ಣೆ ಹಾಕುವುದು ಯಾವ ಉದ್ದೇಶದಿಂದಲೋ ಇದೂ ಅದೇ ಉದ್ದೇಶದಿಂದ. ಈಗ ಬಹುತೇಕ ಕಡೆಗಳಲ್ಲಿ ಮರದ ಸ್ಥಾನವನ್ನು ಕೃತಕ ಹಲಗೆಗಳು ಆಕ್ರಮಿಸಿವೆ. ಎಣ್ಣೆ ಮಾತ್ರ ಹೋಗಲಿಲ್ಲ. ನೆಲದ ರಕ್ಷಣೆಗೆಂದು ಬಂದದ್ದು ಆಟದ ಒಂದು ಅಂಗವೇ ಆಗಿ ಉಳಿಯಿತು.

ಈ ಎಣ್ಣೆಯನ್ನು ಯಂತ್ರವೊಂದು ಪಥದ ಮೇಲೆ ಹರಿದಾಡುತ್ತ ಹಚ್ಚುತ್ತದೆ. ಒಂದು ಪಥಕ್ಕೆ ಹಿಡಿಸುವ ಎಣ್ಣೆ ಸುಮಾರು ೨೦ರಿಂದ ೩೦ ಮಿಲಿಲೀಟರು. ಎಂದರೆ ನಾಲ್ಕರಿಂದ ಆರು ಸಣ್ಣ ಚಮಚೆಯಷ್ಟು. ಇಷ್ಟನ್ನು ೪೦ ಅಡಿ ಉದ್ದಕ್ಕೆ ಹರಡಿದರೆ ಪದರದ ದಪ್ಪ ಸರಾಸರಿ ಎಷ್ಟಾದೀತು? ಲೆಕ್ಕ ಹಾಕಿದರೆ ಒಂದು ಮಿಲಿಮೀಟರಿನ ಐನೂರರಲ್ಲಿ ಒಂದು ಪಾಲು ಮಾತ್ರ ಎಂದು ತಿಳಿಯುತ್ತದೆ. ಮನುಷ್ಯನ ತಲೆಗೂದಲು ಇದರ ಹತ್ತಾರು ಪಟ್ಟು ದಪ್ಪ. ಉಳಿದ ೨೦ ಅಡಿ ನೆಲವನ್ನು ಒಣಗಿದಂತೆಯೇ ಬಿಡುತ್ತಾರೆ. ಪಥವು ತುದಿಯಿಂದ ತುದಿಗೆ ಒಂದೇ ಸಮನಾಗಿ ಹೊಳೆಯುತ್ತಿದ್ದರೂ, ಚೆಂಡಿನ ಪಾಲಿಗೆ ಅದು ಎರಡು ಬೇರೆ ನೆಲಗಳು.

ಜಾರುವುದು, ಉರುಳುವುದು

ಕೇರಂ ಹಲಗೆಗೆ ಪುಡಿ ಹಾಕಿ ಆಡಿದವರಿಗೆಲ್ಲ ಘರ್ಷಣೆಯ ಮಹತ್ವ ಗೊತ್ತು. ಪುಡಿಯಿದ್ದಲ್ಲಿ ಬಿಲ್ಲೆ ದೂರ ಓಡುತ್ತದೆ, ಪುಡಿಯಿಲ್ಲದಲ್ಲಿ ತಡೆದು ನಿಲ್ಲುತ್ತದೆ. ಬಿಲ್ಲೆಯದು ಬರಿಯ ಜಾರುವ ಚಲನೆ. ಚೆಂಡಾದರೋ ಜಾರಲೂ ಬಲ್ಲದು, ಉರುಳಲೂ ಬಲ್ಲದು. ಕೈಯಿಂದ ಬಿಟ್ಟ ಕ್ಷಣದಲ್ಲಿ ಅದು ಮುಖ್ಯವಾಗಿ ಜಾರುತ್ತಿರುತ್ತದೆ. ನೆಲದ ಘರ್ಷಣೆ ಏಕಕಾಲದಲ್ಲಿ ಎರಡು ಕೆಲಸಗಳನ್ನು ಮಾಡುತ್ತದೆ: ಚೆಂಡಿನ ಮುನ್ನಡೆಯನ್ನು ತಗ್ಗಿಸುತ್ತದೆ, ಅದರ ಭ್ರಮಣವನ್ನು ಹೆಚ್ಚಿಸುತ್ತದೆ. ಚೆಂಡಿನ ಮೈಯ ವೇಗವೂ ಅದರ ಮುನ್ನಡೆಯ ವೇಗವೂ ಸರಿಹೊಂದಿದಾಗ ಜಾರುವಿಕೆ ಮುಗಿದು ಶುದ್ಧವಾದ ಉರುಳುವಿಕೆ ತೊಡಗುತ್ತದೆ.

ಇಲ್ಲಿ ಒಂದು ಸೊಗಸಾದ ಫಲಿತಾಂಶವಿದೆ. ಭ್ರಮಣವೇ ಇಲ್ಲದಂತೆ ಬಿಟ್ಟ ಒಂದೇ ಸಮನಾದ ಗೋಳವು ಉರುಳಲಾರಂಭಿಸುವಾಗ ಅದರ ವೇಗ ಮೊದಲಿನ ವೇಗದ ೫/೭ ಪಾಲಾಗಿರುತ್ತದೆ. ನೆಲ ನುಣುಪಾಗಿರಲಿ, ಒರಟಾಗಿರಲಿ, ಈ ೫/೭ ಬದಲಾಗುವುದಿಲ್ಲ. ಬದಲಾಗುವುದು, ಆ ಸ್ಥಿತಿಗೆ ಬರಲು ಚೆಂಡು ಎಷ್ಟು ದೂರ ಹೋಗಬೇಕು ಎಂಬುದು ಮಾತ್ರ.

ಆ ದೂರವನ್ನು ಅಂಕೆಗಳಲ್ಲಿ ಕಾಣಲು ಯತ್ನಿಸೋಣ. ಚೆಂಡಿನ ವೇಗ ಸೆಕೆಂಡಿಗೆ ೮ ಮೀಟರು ಎಂದಿರಲಿ. ಗಂಟೆಗೆ ಸುಮಾರು ೧೮ ಮೈಲಿ. ಎಣ್ಣೆಯ ಮೇಲೆ ಘರ್ಷಣಾಂಕ ೦.೦೪ ಎಂದೂ ಒಣನೆಲದ ಮೇಲೆ ೦.೨ ಎಂದೂ ಇಟ್ಟುಕೊಳ್ಳೋಣ. ಪಥವೆಲ್ಲ ಒಣಗಿದ್ದರೆ ಚೆಂಡು ೮ ಮೀಟರು ಹೋಗುವಷ್ಟರಲ್ಲಿಯೇ ಉರುಳತೊಡಗುತ್ತದೆ. ಪಥದ ಅರ್ಧವೂ ಮುಗಿದಿರುವುದಿಲ್ಲ. ಪಥವೆಲ್ಲ ಎಣ್ಣೆಯಾಗಿದ್ದರೆ ಅದಕ್ಕೆ ೪೦ ಮೀಟರು ಬೇಕು. ಪಥದ ಉದ್ದವಾದರೋ ೧೮.೩ ಮೀಟರು ಮಾತ್ರ. ಅಂದರೆ ಅದು ಜಾರುತ್ತಲೇ ಹೋಗಿ ಪಿನ್ನುಗಳಿಗೆ ತಾಗುತ್ತದೆ. ಮೊದಲ ೧೨ ಮೀಟರು ಎಣ್ಣೆ, ಆಮೇಲೆ ಒಣನೆಲ ಎಂದಾದರೆ, ಚೆಂಡು ಸುಮಾರು ೧೭½ ಮೀಟರಿನ ಹತ್ತಿರ ಉರುಳಲಾರಂಭಿಸುತ್ತದೆ. ಪಿನ್ನುಗಳು ಅಲ್ಲಿಂದ ಒಂದು ಮೀಟರಿನೊಳಗೇ ಇವೆ! ಆಟಗಾರರು ಸಾಮಾನ್ಯವಾಗಿ ಚೆಂಡಿಗೆ ಮೊದಲೇ ಒಂದಿಷ್ಟು ಭ್ರಮಣವನ್ನು ಕೊಟ್ಟಿರುವುದರಿಂದ ವಾಸ್ತವವಾಗಿ ಈ ದೂರಗಳು ಬೇರೆಯಾಗುತ್ತವೆ. ಆದರೆ ಮುಖ್ಯಾಂಶ ಸ್ಪಷ್ಟವಾಗಿದೆ. ಚೆಂಡು ಎಲ್ಲಿ ಉರುಳತೊಡಗುವುದೆಂಬುದನ್ನು ಚೆಂಡೊಂದೇ ನಿರ್ಧರಿಸಲಾರದು.

ಚೆಂಡು ಬಾಗುವುದೇಕೆ?

ಚೆಂಡನ್ನು ನೆಟ್ಟಗೆ ಬಿಟ್ಟರೆ ಸಾಲದೆ, ಬಾಗುವಂತೆ ಬಿಡುವ ಕಷ್ಟವೇಕೆ ಎಂದು ವಾಚಕರು ಕೇಳಬಹುದು. ಹತ್ತೂ ಪಿನ್ನುಗಳು ಒಂದೇ ಏಟಿಗೆ ಬೀಳಬೇಕಾದರೆ, ಬಲಗೈ ಆಟಗಾರನ ಚೆಂಡು ಮೊದಲನೆಯ ಪಿನ್ನಿನ ನೇರಕ್ಕೆ ಬಾರದೆ, ಅದಕ್ಕೂ ಅದರ ಬಲಹಿಂದಿನ ಪಿನ್ನಿಗೂ ನಡುವೆ ಓರೆಯಾಗಿ ನುಗ್ಗಬೇಕು. ಈ ಓರೆ ೬ ಡಿಗ್ರಿಯಷ್ಟಿದ್ದರೆ ಫಲ ಚೆನ್ನಾಗಿರುತ್ತದೆಂದು ಪರೀಕ್ಷೆಗಳು ತೋರಿಸಿವೆ. ಪಥದ ಅಂಚಿನಿಂದ ನೆಟ್ಟಗೆ ಬಿಟ್ಟ ಚೆಂಡಿಗೆ ದೊರೆಯುವ ಓರೆ ಸುಮಾರು ೧½ ಡಿಗ್ರಿ ಮಾತ್ರ. ಹೆಚ್ಚಿನ ಓರೆಗೆ ಚೆಂಡು ಕೊನೆಯಲ್ಲಿ ಬಾಗಲೇಬೇಕು.

ಬಾಗಿಸುವುದೂ ಘರ್ಷಣೆಯೇ. ಆಟಗಾರನು ಬೆರಳುಗಳಿಂದ ಚೆಂಡಿಗೆ ಪಕ್ಕಕ್ಕೆ ವಾಲಿದ ಭ್ರಮಣವನ್ನು ಕೊಡುತ್ತಾನೆ. ನೆಲಕ್ಕೆ ತಾಗಿದ ಬಿಂದು ಯಾವ ದಿಕ್ಕಿಗೆ ಜಾರುತ್ತಿರುವುದೋ ಅದಕ್ಕೆ ಎದುರಾದ ದಿಕ್ಕಿನಲ್ಲಿ ಘರ್ಷಣೆ ಎಳೆಯುತ್ತದೆ. ಆ ಎಳೆತದ ಒಂದಂಶ ಹಿಂದಕ್ಕೆ, ಒಂದಂಶ ಪಕ್ಕಕ್ಕೆ. ಘರ್ಷಣೆ ಒಂದೇ ಪ್ರಮಾಣದಲ್ಲಿರುವವರೆಗೆ ಇಂಥ ಗೋಳದ ಹಾದಿ ಪರವಲಯವಾಗುತ್ತದೆ. ಉರುಳುವಿಕೆ ತೊಡಗಿದೊಡನೆ ಹಾದಿ ನೇರವಾಗುತ್ತದೆ. ಬಿಲಿಯರ್ಡ್ಸ್ ಚೆಂಡಿನ ಈ ನಡೆಯನ್ನು ಫ್ರಾನ್ಸಿನ ಗಣಿತಜ್ಞ ಕೊರಿಯೊಲಿಸ್ ೧೮೩೫ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ವಿವರಿಸಿದ್ದಾನೆ. ಬೌಲಿಂಗ್ ಚೆಂಡಿನ ನಡೆಗೆ ಇರುವ ವಿಶೇಷವೇನೆಂದರೆ, ನಡುದಾರಿಯಲ್ಲಿ ಘರ್ಷಣೆಯೇ ಬದಲಾಗುವುದು. ಎಣ್ಣೆ ಇರುವವರೆಗೆ ಭ್ರಮಣ ವ್ಯಯವಾಗದೆ ಕೂಡಿಟ್ಟ ಧನದಂತೆ ಉಳಿದಿದ್ದು, ಒಣನೆಲ ಸಿಕ್ಕೊಡನೆ ಖರ್ಚಾಗುತ್ತದೆ. ಆದುದರಿಂದಲೇ ನೋಡುವವರಿಗೆ ಚೆಂಡು ಕೊನೆಯಲ್ಲಿ ಥಟ್ಟನೆ ತಿರುಗಿದಂತೆ ಕಾಣುತ್ತದೆ. ಆ ಧನ ಮೊದಲೇ ಖರ್ಚಾಗಿಬಿಟ್ಟರೆ ಚೆಂಡು ಪಿನ್ನುಗಳಿಂದ ದೂರದಲ್ಲಿಯೇ ಉರುಳತೊಡಗಿ, ತಿರುವೂ ಬಲವೂ ಇಲ್ಲದೆ ಬಂದು ತಾಗುತ್ತದೆ. ಖರ್ಚಾಗದೆ ಉಳಿದರೆ ಬಾಗುವುದಕ್ಕೇ ಅವಕಾಶವಿಲ್ಲ.

ಚೆಂಡಿನ ಮೈ ಮತ್ತು ಒಡಲು

ಹಾಗಾದರೆ ಚೆಂಡಿನ ಗುಣಕ್ಕೆ ಬೆಲೆಯೇ ಇಲ್ಲವೇ ಎಂದರೆ, ಖಂಡಿತವಾಗಿಯೂ ಇದೆ. ಒಂದಾನೊಂದು ಕಾಲದಲ್ಲಿ ಲಿಗ್ನಮ್ ವೀಟೆ ಎಂಬ ಬಹು ಗಟ್ಟಿಯಾದ ಮರದಿಂದ ಚೆಂಡುಗಳನ್ನು ಮಾಡುತ್ತಿದ್ದರು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಗಡಸು ರಬ್ಬರಿನ ಚೆಂಡುಗಳು ಬಂದುವು. ಮುಂದೆ ಪಾಲಿಯೆಸ್ಟರ್, ೧೯೮೦ರ ದಶಕದಲ್ಲಿ ಪಾಲಿಯುರಿಥೇನ್, ೧೯೯೦ರ ದಶಕದ ಮೊದಲಲ್ಲಿ ‘ರಿಯಾಕ್ಟಿವ್ ರೆಸಿನ್’ ಎಂಬ ಮೈಯುಳ್ಳ ಚೆಂಡುಗಳು. ಈ ಕೊನೆಯ ಬಗೆಯ ಮೈಯಲ್ಲಿ ಬರಿಗಣ್ಣಿಗೆ ಕಾಣದ ಸೂಕ್ಷ್ಮರಂಧ್ರಗಳಿದ್ದು ಅವು ಎಣ್ಣೆಯನ್ನು ಹೀರಿಕೊಳ್ಳುತ್ತವೆ. ಹೀಗಾಗಿ ಚೆಂಡಿಗೂ ನೆಲಕ್ಕೂ ಬಿಗಿಯಾದ ಸಂಪರ್ಕ ದೊರೆಯುತ್ತದೆ.

ಮೈಯ ವಸ್ತುವಿನಷ್ಟೇ, ಕೆಲವು ವೇಳೆ ಅದಕ್ಕಿಂತಲೂ ಮಿಗಿಲಾದದ್ದು ಮೈಯ ಒರಟುತನ. ಬಡಗಿ ಉಪ್ಪುಕಾಗದದಿಂದ ಮರವನ್ನು ಉಜ್ಜುವಂತೆ ಚೆಂಡನ್ನೂ ಉಜ್ಜುತ್ತಾರೆ. ೫೦೦ರ ದರ್ಜೆಯ ಹಾಳೆಯಿಂದ ಉಜ್ಜಿದರೆ ಮೈ ಒರಟಾಗಿ, ಚೆಂಡು ಎಣ್ಣೆಯಲ್ಲಿಯೂ ಬೇಗನೆ ಹಿಡಿತ ಪಡೆಯುತ್ತದೆ. ೪೦೦೦ದ ದರ್ಜೆಯಿಂದ ಉಜ್ಜಿ ಮೆರುಗು ಕೊಟ್ಟರೆ ದೂರ ಜಾರಿ ತಡವಾಗಿ ತಿರುಗುತ್ತದೆ. ಅಮೆರಿಕದಲ್ಲಿ ಈ ಆಟದ ನಿಯಮಗಳನ್ನು ನೋಡಿಕೊಳ್ಳುವ ಯುನೈಟೆಡ್ ಸ್ಟೇಟ್ಸ್ ಬೌಲಿಂಗ್ ಕಾಂಗ್ರೆಸ್ ನಡೆಸಿದ ಅಧ್ಯಯನದಲ್ಲಿಯೂ, ಚೆಂಡಿನ ನಡೆಯ ಮೇಲೆ ಅತಿ ಹೆಚ್ಚಿನ ಪರಿಣಾಮ ಬೀರುವುದು ಮೈಯ ಸೂಕ್ಷ್ಮವಾದ ಒರಟುತನವೇ ಎಂದು ಕಂಡುಬಂದಿತು. ಸಾವಿರಾರು ರೂಪಾಯಿಯ ಹೊಸ ಚೆಂಡು ತರಬಹುದಾದ ಬದಲಾವಣೆಯನ್ನು ಒಂದು ಉಜ್ಜುವ ಹಾಳೆಯೇ ತರುವುದುಂಟು ಎಂಬುದು ಗಮನಾರ್ಹ.

ಚೆಂಡಿನ ಒಡಲೊಳಗೆ ಭಾರವಾದ ತಿರುಳೊಂದಿರುತ್ತದೆ. ಭಾರವು ನಡುವೆ ಕೂಡಿದ್ದರೆ ಚೆಂಡು ಬೇಗನೆ ಭ್ರಮಣವನ್ನು ಬದಲಿಸುತ್ತದೆ, ಹೊರಗೆ ಹಂಚಿದ್ದರೆ ನಿಧಾನವಾಗಿ ಬದಲಿಸುತ್ತದೆ. ಇದನ್ನು ಅಳೆಯುವ ಭ್ರಮಣ ತ್ರಿಜ್ಯವು ೨.೪೬ರಿಂದ ೨.೮೦ ಅಂಗುಲದೊಳಗೆ ಇರಬೇಕೆಂದು ನಿಯಮ. ಒಂದೇ ಸಮನಾದ ಗೋಳವಾಗಿದ್ದರೆ ಅದು ೨.೭ ಅಂಗುಲದಷ್ಟಾಗುತ್ತಿತ್ತು. ತಿರುಳು ಎಲ್ಲ ದಿಕ್ಕಿಗೂ ಸಮಾನವಲ್ಲದಿದ್ದರೆ, ಚೆಂಡು ಉರುಳುತ್ತಿರುವಾಗಲೇ ಅದರ ಅಕ್ಷ ಮೆಲ್ಲಗೆ ಸರಿಯುತ್ತದೆ. ಆಗ ಪ್ರತಿ ಸುತ್ತಿನಲ್ಲಿಯೂ ಎಣ್ಣೆ ಮೆತ್ತದ ಹೊಸ ಮೈ ನೆಲಕ್ಕೆ ತಾಗುತ್ತದೆ. ಹಿಂದಿರುಗಿ ಬಂದ ಚೆಂಡನ್ನು ಬೆಳಕಿಗೆ ಹಿಡಿದು ನೋಡಿದರೆ, ಒಂದರ ಪಕ್ಕದಲ್ಲೊಂದು ಎಣ್ಣೆಯ ಬಳೆಗಳು ಬಿಡಿಸಿದಂತೆ ಕಾಣುವುದು ಇದರಿಂದಲೇ.

ಪರೀಕ್ಷಿಸುವ ಬಗೆ

ಇನ್ನು ಪರೀಕ್ಷೆಗೆ ಬರೋಣ. ಮೊದಲು ತಿಳಿಯಬೇಕಾದದ್ದು ಎಣ್ಣೆಯ ಹರಹು. ಕೆಲವು ಕಡೆ ಎಣ್ಣೆ ೩೫ ಅಡಿಗೇ ಮುಗಿಯುತ್ತದೆ. ಕೆಲವು ಕಡೆ ೪೫ ಅಡಿಯವರೆಗೂ ಇರುತ್ತದೆ. ವೃತ್ತಿ ಆಟಗಾರರ ಸ್ಪರ್ಧೆಗಳಲ್ಲಿ ಇಂಥ ವಿನ್ಯಾಸಗಳಿಗೆ ಪ್ರಾಣಿಗಳ ಹೆಸರುಗಳನ್ನೇ ಇಟ್ಟಿದ್ದಾರೆ: ಮೋಟಾದದ್ದು ‘ಚೀತಾ’, ನೀಳವಾದದ್ದು ‘ಶಾರ್ಕ್’. ಎಣ್ಣೆಯ ಉದ್ದದಿಂದ ೩೧ ಕಳೆದರೆ, ಚೆಂಡು ಎಣ್ಣೆಯನ್ನು ಬಿಟ್ಟು ಒಣನೆಲಕ್ಕೆ ಇಳಿಯುವಾಗ ಅಂಚಿನಿಂದ ಎಷ್ಟನೆಯ ಪಟ್ಟಿಯ ಮೇಲಿರಬೇಕೆಂಬುದು ದೊರೆಯುತ್ತದೆ ಎಂದು ಆಟಗಾರರು ಒಂದು ಸ್ಥೂಲವಾದ ಸೂತ್ರವನ್ನಿಟ್ಟುಕೊಂಡಿದ್ದಾರೆ. ೪೦ ಅಡಿಯ ಎಣ್ಣೆಗೆ ಒಂಬತ್ತನೆಯ ಪಟ್ಟಿ. ಇದು ಪ್ರಕೃತಿಯ ನಿಯಮವಲ್ಲ. ಕೈಗೆ ಸಿಗುವ ಒಂದು ಊರುಗೋಲು ಮಾತ್ರ.

ಎರಡನೆಯದಾಗಿ, ಚೆಂಡನ್ನು ಒಂದೇ ಪಥದಲ್ಲಿ ಪರೀಕ್ಷಿಸಿ ತೃಪ್ತರಾಗಬಾರದು. ಎಣ್ಣೆ ಮೋಟಾದದ್ದು, ನಡುತರದ್ದು, ನೀಳವಾದದ್ದು ಎಂಬ ಮೂರು ಬಗೆಯ ಪಥಗಳಲ್ಲಾದರೂ ಬಿಟ್ಟು ನೋಡಬೇಕು. ಪ್ರತಿಯೊಂದರಲ್ಲಿಯೂ ಗಮನಿಸಬೇಕಾದ್ದು ಮೂರು ಅಂಶಗಳು: ಜಾರುವಿಕೆ ಎಲ್ಲಿಯವರೆಗೆ, ತಿರುವು ಎಲ್ಲಿ ತೊಡಗಿ ಎಷ್ಟು ಬಿರುಸಾಗಿದೆ, ಉರುಳುವಿಕೆ ಎಲ್ಲಿ ಆರಂಭವಾಯಿತು. ಎಷ್ಟು ಪಿನ್ನು ಬಿದ್ದುವೆಂಬುದನ್ನು ಮಾತ್ರ ಎಣಿಸುವುದು ಪರೀಕ್ಷೆಯಲ್ಲ. ತಪ್ಪುದಾರಿಯಲ್ಲಿ ಹೋದ ಚೆಂಡಿಗೂ ಅದೃಷ್ಟದಿಂದ ಹತ್ತು ಪಿನ್ನು ದೊರಕುವುದುಂಟು.

ಮೂರನೆಯದು ಬಹಳ ಮುಖ್ಯವಾದದ್ದು. ಪರೀಕ್ಷೆ ನಡೆಯುತ್ತಿರುವಾಗಲೇ ನೆಲ ಬದಲಾಗುತ್ತದೆ. ಹೋದ ಪ್ರತಿಯೊಂದು ಚೆಂಡೂ ತನ್ನ ಜಾಡಿನ ಎಣ್ಣೆಯನ್ನು ಸ್ವಲ್ಪ ಒರಸಿಕೊಂಡು ಹೋಗುತ್ತದೆ. ಕೆಲವು ಚೆಂಡುಗಳು ಅದನ್ನು ಹೀರಿಕೊಳ್ಳುತ್ತವೆ. ಕೆಲವು ಅದನ್ನು ಒಯ್ದು ಮುಂದಿನ ಒಣನೆಲಕ್ಕೆ ಹಚ್ಚುತ್ತವೆ. ಆದುದರಿಂದ ‘ಅ’ ಎಂಬ ಚೆಂಡನ್ನು ಇಪ್ಪತ್ತು ಸಲ ಬಿಟ್ಟು, ಅನಂತರ ‘ಆ’ ಎಂಬುದನ್ನು ಇಪ್ಪತ್ತು ಸಲ ಬಿಟ್ಟು, ‘ಆ’ ಹೆಚ್ಚು ತಿರುಗಿತೆಂದು ಹೇಳುವುದು ಸರಿಯಲ್ಲ. ಆ ಹೆಚ್ಚಳ ‘ಆ’ ಚೆಂಡಿನದೋ, ‘ಅ’ ಚೆಂಡು ಒರಸಿಹೋದ ನೆಲದ್ದೋ ಎಂದು ಹೇಳುವುದು ಹೇಗೆ? ಒಂದರ ಅನಂತರ ಒಂದನ್ನು ಸರದಿಯಾಗಿ ಬಿಡಬೇಕು. ಮರುದಿನ ಹೊಸದಾಗಿ ಎಣ್ಣೆ ಹಚ್ಚಿದ ಪಥದಲ್ಲಿ ಸರದಿಯನ್ನು ಹಿಂದುಮುಂದು ಮಾಡಬೇಕು. ಹಿಂದಿನಿಂದ ಗುಣ ತಿಳಿದಿರುವ ಹಳೆಯ ಚೆಂಡೊಂದನ್ನು ಆಗಾಗ ಬಿಡುತ್ತಿದ್ದರೆ, ಅದರ ನಡೆಯಿಂದ ನೆಲವೆಷ್ಟು ಬದಲಾಯಿತೆಂಬುದು ತಿಳಿಯುತ್ತದೆ. ಬಿಡುವ ಮುನ್ನ ಪ್ರತಿಸಲವೂ ಮೈಮೇಲಿನ ಎಣ್ಣೆಯನ್ನು ಬಟ್ಟೆಯಿಂದ ಒರಸುವುದನ್ನು ಮರೆಯಬಾರದು.

ಉಳಿದದ್ದು ಕೈಯ ವಿಷಯ. ಮನುಷ್ಯನ ಕೈ ಎರಡು ಸಲ ಒಂದೇ ರೀತಿಯಲ್ಲಿ ಚೆಂಡು ಬಿಡಲಾರದು. ಈ ತೊಡಕನ್ನು ನೀಗಲು ಟೆಕ್ಸಸ್ಸಿನ ಆರ್ಲಿಂಗ್ಟನ್ನಿನಲ್ಲಿರುವ ಮೇಲ್ಕಂಡ ಸಂಸ್ಥೆ ‘ಅರ್ಲ್’ ಎಂಬ ಯಂತ್ರಮಾನವನನ್ನು ಬಳಕೆಗೆ ತಂದಿತು. ಅದು ವೇಗವನ್ನೂ ಭ್ರಮಣವನ್ನೂ ಬೇಕೆಂದಂತೆ ಹೊಂದಿಸಿ, ದಣಿಯದೆ ಮತ್ತೆಮತ್ತೆ ಹಾಗೆಯೇ ಬಿಡಬಲ್ಲದು. ಆದರೆ ಯಂತ್ರವಿದ್ದರೂ ಎಣ್ಣೆ ಒರಸಿಹೋಗುವುದು ತಪ್ಪುವುದಿಲ್ಲ. ಅದಕ್ಕೆ ಹೊಸದಾಗಿ ಎಣ್ಣೆ ಹಚ್ಚುವುದೊಂದೇ ಮದ್ದು.

ಅಂಕಗಳ ನ್ಯಾಯ

ಎಣ್ಣೆಯ ಈ ವಿಚಾರ ಆಟಗಾರರ ಹವ್ಯಾಸಕ್ಕೆ ಮಾತ್ರ ಸಂಬಂಧಿಸಿದ್ದೆಂದು ತಿಳಿಯಬಾರದು. ಇದರ ಹಿಂದೆ ನ್ಯಾಯದ ಪ್ರಶ್ನೆಯೊಂದಿದೆ. ಸಾಮಾನ್ಯ ಅಂಗಳಗಳಲ್ಲಿ ಎಣ್ಣೆಯನ್ನು ನಡುವೆ ದಟ್ಟವಾಗಿಯೂ ಅಂಚುಗಳಲ್ಲಿ ತೆಳುವಾಗಿಯೂ ಹಚ್ಚುತ್ತಾರೆ. ನಡುವಿನ ಎಣ್ಣೆ ಅಂಚಿನದಕ್ಕಿಂತ ಎಂಟು ಹತ್ತು ಪಟ್ಟು ಹೆಚ್ಚಿರುವುದೂ ಉಂಟು. ಕೈತಪ್ಪಿ ಅಂಚಿಗೆ ಹೋದ ಚೆಂಡಿಗೆ ಒಣನೆಲ ಸಿಕ್ಕಿ ಅದು ಒಳಕ್ಕೆ ಬಾಗುತ್ತದೆ. ಕೈತಪ್ಪಿ ನಡುವಿಗೆ ಹೋದದ್ದು ಎಣ್ಣೆಯಲ್ಲಿ ಜಾರಿ, ಬಾಗದೆ, ಅದೇ ಗುರಿಯ ಕಡೆಗೆ ಬರುತ್ತದೆ. ನೀರು ಕಾಲುವೆಯಲ್ಲಿ ಹರಿಯುವಂತೆ ಚೆಂಡು ತಾನಾಗಿ ಗುರಿಗೆ ಹರಿದುಬರುತ್ತದೆ. ಆಟಗಾರನ ತಪ್ಪನ್ನು ನೆಲವೇ ತಿದ್ದುತ್ತದೆ. ಕಠಿಣ ಸ್ಪರ್ಧೆಗಳಿಗಾಗಿ ಈ ಅನುಪಾತ ಮೂರು ಪಟ್ಟನ್ನು ಮೀರದಂಥ ವಿನ್ಯಾಸಗಳನ್ನು ಏರ್ಪಡಿಸಲಾಯಿತು. ಅಲ್ಲಿ ಎರಡು ಪಟ್ಟಿಯಷ್ಟು ಗುರಿ ತಪ್ಪಿದರೂ ಪಿನ್ನುಗಳು ಉಳಿದುಬಿಡುತ್ತವೆ.

ನೆಲ ಮತ್ತು ಚೆಂಡುಗಳ ಕೂಟ ಏನು ಮಾಡಬಲ್ಲದೆಂಬುದಕ್ಕೆ ಚರಿತ್ರೆಯಲ್ಲಿ ನಿದರ್ಶನಗಳಿವೆ. ೧೯೭೩ರಲ್ಲಿ ಡಾನ್ ಮೆಕ್‌ಕ್ಯೂನ್ ಎಂಬ ವೃತ್ತಿ ಆಟಗಾರ ತನ್ನ ಪಾಲಿಯೆಸ್ಟರ್ ಚೆಂಡನ್ನು ರಾಸಾಯನಿಕ ದ್ರಾವಕವೊಂದರಲ್ಲಿ ನೆನೆಸಿ ಮೈಯನ್ನು ಮೆತ್ತಗೆ ಮಾಡಿಕೊಂಡು ಆಡಿದ. ಆ ವರ್ಷ ಆರು ಪ್ರಶಸ್ತಿಗಳನ್ನು ಗೆದ್ದ. ಮೆತ್ತನೆಯ ಮೈ ನೆಲವನ್ನು ಹೆಚ್ಚು ಬಿಗಿಯಾಗಿ ಹಿಡಿಯಿತೆಂಬುದೇ ರಹಸ್ಯ. ಮುಂದೆ ಚೆಂಡಿನ ಗಡಸುತನಕ್ಕೆ ಕನಿಷ್ಠ ಮಿತಿಯನ್ನು ಗೊತ್ತುಮಾಡಿದರು. ಅಮೆರಿಕದಲ್ಲಿ ೧೯೬೮-೬೯ರ ಋತುವಿನಲ್ಲಿ ೩೦೦ ಅಂಕಗಳ ಪರಿಪೂರ್ಣ ಆಟಗಳು ೯೦೫ ಮಾತ್ರ ದಾಖಲಾಗಿದ್ದುವು. ೧೯೯೮-೯೯ರಲ್ಲಿ ಅವುಗಳ ಸಂಖ್ಯೆ ೩೪,೪೭೦. ಆಟಗಾರರ ಕೈಚಳಕವೊಂದೇ ಮೂವತ್ತು ವರ್ಷಗಳಲ್ಲಿ ಇಷ್ಟು ಪಟ್ಟು ಬೆಳೆಯಿತೆಂದು ನಂಬುವುದು ಕಷ್ಟ. ಎಣ್ಣೆ ಹೀರುವ ಚೆಂಡೂ ಕಾಲುವೆಯಂತೆ ಎಣ್ಣೆ ಹಚ್ಚಿದ ನೆಲವೂ ಅದರಲ್ಲಿ ತಮ್ಮ ಪಾಲನ್ನು ಪಡೆದಿವೆ. ವರ್ಷಗಟ್ಟಲೆ ಶ್ರಮಿಸಿ ಕೈಯನ್ನು ಪಳಗಿಸಿದವನ ಅಂಕಕ್ಕೂ ನೆಲದ ಕೃಪೆಯಿಂದ ಪಡೆದ ಅಂಕಕ್ಕೂ ವ್ಯತ್ಯಾಸ ತಿಳಿಯದಾದರೆ, ಅಂಕವೆಂಬುದಕ್ಕೆ ಅರ್ಥವೇನು ಉಳಿಯಿತು?

ಆದುದರಿಂದ ‘ಈ ಚೆಂಡು ಚೆನ್ನಾಗಿ ತಿರುಗುತ್ತದೆ’ ಎಂಬ ಮಾತನ್ನು ಕೇಳಿದಾಗ, ಎಣ್ಣೆ ಎಷ್ಟು ಉದ್ದವಿತ್ತು, ಹೊಸದಾಗಿ ಹಚ್ಚಿದ್ದೋ ಆಡಿ ಒರಸಿಹೋದದ್ದೋ, ಚೆಂಡಿನ ಮೈಯನ್ನು ಯಾವ ದರ್ಜೆಗೆ ಉಜ್ಜಿತ್ತು, ಎಷ್ಟು ವೇಗದಲ್ಲಿ ಬಿಟ್ಟದ್ದು ಎಂದು ಕೇಳಬೇಕು. ಉಪ್ಪು ನೀರಿನಲ್ಲಿ ಕರಗುತ್ತದೆ, ಎಣ್ಣೆಯಲ್ಲಿ ಕರಗುವುದಿಲ್ಲ. ಹೀಗಿರುವಾಗ ‘ಉಪ್ಪು ಕರಗುತ್ತದೆ’ ಎಂದಷ್ಟೇ ಹೇಳಿದರೆ ಮಾತು ಪೂರ್ಣವಾಗುವುದಿಲ್ಲ. ವಸ್ತುಗಳ ಅನೇಕ ಗುಣಗಳು ಹೀಗೆಯೇ ಎರಡು ವಸ್ತುಗಳ ನಡುವಣ ಸಂಬಂಧದಲ್ಲಿ ಇರುತ್ತವೆ. ಅವನ್ನು ಒಂದರ ತಲೆಗೇ ಕಟ್ಟಲಾಗದು. ಪಥದ ವಿವರವಿಲ್ಲದ ಚೆಂಡಿನ ವರದಿ ಅರ್ಧ ವರದಿಯೆಂದೇ ತಿಳಿಯಬೇಕು.